ಕೆನಡಾ ಪಿಆರ್ ಅರ್ಜಿಗೆ ಫೇರ್‌ನೆಸ್ ಪತ್ರ ಬಂದಿದೆ: ಹಳೆಯ ಕಾರ್ಖಾನೆಯ ಅನುಭವ ಪತ್ರವನ್ನು ಅವರು ನಂಬುತ್ತಿಲ್ಲ, ಉತ್ತರ ಹೇಗೆ ಕೊಡಬೇಕು?

ಪ್ರಶ್ನೆ: ಪೀಣ್ಯದ ಹಳೆಯ ನೌಕರ

ಎಲ್ಲರಿಗೂ ನಮಸ್ಕಾರ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ (ನುರಿತ ಕೆಲಸಗಾರರ ವಲಸೆ ಅರ್ಜಿ ವ್ಯವಸ್ಥೆ) ಮೂಲಕ ಪಿಆರ್‌ಗೆ, ಅಂದರೆ ಅಲ್ಲಿನ ಕಾಯಂ ವಾಸಕ್ಕೆ, ಅರ್ಜಿ ಹಾಕಿ, ನಾನು, ನನ್ನ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಮೂವರೂ ವೈದ್ಯಕೀಯ ಪರೀಕ್ಷೆ ಮುಗಿಸಿಕೊಂಡು ಕಾಯುತ್ತಿದ್ದೆವು. ಮೊನ್ನೆ ವಲಸೆ ಇಲಾಖೆಯ ಜಾಲತಾಣದಲ್ಲಿ ನನ್ನ ಖಾತೆ ತೆರೆದು ನೋಡಿದಾಗ ಒಂಬತ್ತು ದಿನಗಳ ಹಿಂದೆಯೇ ಬಂದಿದ್ದ ಫೇರ್‌ನೆಸ್ ಪತ್ರ, ಅಂದರೆ ತೀರ್ಮಾನಕ್ಕೆ ಮುನ್ನ ಶಂಕೆ ತಿಳಿಸಿ ಉತ್ತರ ಕೇಳುವ ಪತ್ರ, ಕಣ್ಣಿಗೆ ಬಿತ್ತು. ಅದರ ಸೂಚನೆಯ ಇಮೇಲ್ ಸ್ಪ್ಯಾಮ್‌ಗೆ ಹೋಗಿತ್ತು. ಉತ್ತರಿಸಲು ಪತ್ರದ ದಿನಾಂಕದಿಂದ 30 ದಿನ ಕೊಟ್ಟಿದ್ದಾರೆ, ಅಂದರೆ ಅಂದಿಗೆ ನನ್ನ ಕೈಯಲ್ಲಿ ಉಳಿದಿದ್ದದ್ದು 21 ದಿನ.

ವಿಷಯ ಹೀಗಿದೆ. ನಾನು 2016ರ ಜುಲೈಯಿಂದ 2019ರ ಅಕ್ಟೋಬರ್‌ವರೆಗೆ ಪೀಣ್ಯ ಎರಡನೇ ಹಂತದಲ್ಲಿರುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದೆ. ಸುಮಾರು 40 ಜನರಿದ್ದ, ಯಂತ್ರಗಳ ಬಿಡಿಭಾಗ ತಯಾರಿಸುವ ಜಾಗ ಅದು. ನಂತರ ಈಗಿನ ಕಂಪನಿಗೆ ಬಂದೆ, ಇಲ್ಲಿನ ಅನುಭವದ ಬಗ್ಗೆ ಅಧಿಕಾರಿ ಏನನ್ನೂ ಕೇಳಿಲ್ಲ. ಪೀಣ್ಯದ ಕಾರ್ಖಾನೆಗೆ ವೀಸಾ ಕಚೇರಿಯಿಂದ ಫೋನ್ ಮಾಡಿದ್ದರಂತೆ. ಫೋನ್ ಎತ್ತಿದವರು ಆ ಹೆಸರಿನ ಪ್ರೊಡಕ್ಷನ್ ಇಂಜಿನಿಯರ್ ಯಾರೂ ಇಲ್ಲಿ ಇರಲಿಲ್ಲ ಎಂದು ಹೇಳಿದರಂತೆ. ಅನುಭವ ಪತ್ರದಲ್ಲಿರುವ ಕೆಲಸದ ವಿವರಣೆಯು ಎನ್‌ಒಸಿ (ಕೆನಡಾ ಸರ್ಕಾರದ ಉದ್ಯೋಗ ವರ್ಗೀಕರಣ ಪಟ್ಟಿ) ಸಂಕೇತ 21321ರ ವಿವರಣೆಯಿಂದ ಪದಶಃ ಎತ್ತಿದಂತಿದೆ, ಆದ್ದರಿಂದ ಪತ್ರವು ನೈಜವಲ್ಲವೆಂಬ ಅನುಮಾನವಿದೆ ಎಂದು ಅಧಿಕಾರಿ ಬರೆದಿದ್ದಾರೆ. ಕೊನೆಯಲ್ಲಿ ವಲಸೆ ಕಾಯ್ದೆಯ 40(1)(ಎ) ವಿಧಿಯನ್ನು ಉಲ್ಲೇಖಿಸಿ, ತಪ್ಪು ಮಾಹಿತಿ ನೀಡಿದ್ದು ಸ್ಥಿರಪಟ್ಟರೆ ಐದು ವರ್ಷ ಕೆನಡಾಕ್ಕೆ ಪ್ರವೇಶವಿರುವುದಿಲ್ಲ ಎಂದಿದ್ದಾರೆ.

ನಾನು ಅಲ್ಲಿ ಕೆಲಸ ಮಾಡಿದ್ದು ಸತ್ಯ. ಫೋನ್ ಎತ್ತಿದವರು 2021ರ ನಂತರ ಸೇರಿದ ಲೆಕ್ಕದ ಗುಮಾಸ್ತರು, ನನ್ನನ್ನು ನೋಡಿದವರೇ ಅಲ್ಲ. ಆದರೆ ಮುಚ್ಚಿಡದೆ ಹೇಳಬೇಕಾದ ಎರಡು ಸಂಗತಿಗಳಿವೆ. ನನ್ನ ಸಂಬಳದ ಚೀಟಿಗಳಲ್ಲಿ ಹುದ್ದೆ 'ಸೂಪರ್‌ವೈಸರ್' ಎಂದಿದೆ, ಅನುಭವ ಪತ್ರದಲ್ಲಿ ಮಾತ್ರ 'ಪ್ರೊಡಕ್ಷನ್ ಇಂಜಿನಿಯರ್' ಎಂದಿದೆ. ಎರಡನೆಯದಾಗಿ, ಆ ಪತ್ರದ ಒಕ್ಕಣೆಯನ್ನು ಅರ್ಜಿ ತುಂಬಿಸಿದ ಏಜೆಂಟರೇ ಕೊಟ್ಟಿದ್ದರು. ನಾನು ಅದನ್ನು ಕಾರ್ಖಾನೆಯ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿಕೊಂಡು ಹೋದೆ, ಮಾಲೀಕರು ಓದಿ ಸಹಿ ಹಾಕಿದರು. ಅಲ್ಲಿ ಬರೆದಿದ್ದರಲ್ಲಿ ಹೆಚ್ಚಿನದನ್ನು ನಾನು ಮಾಡುತ್ತಿದ್ದುದು ನಿಜ, ಎಲ್ಲವನ್ನೂ ಅಲ್ಲ.

ಈಗ ಏಜೆಂಟರು ಎರಡು ದಾರಿ ಹೇಳುತ್ತಿದ್ದಾರೆ. ಒಂದು, ಅರ್ಜಿಯನ್ನೇ ಹಿಂದಕ್ಕೆ ತೆಗೆದುಕೊಂಡುಬಿಡುವುದು. ಇನ್ನೊಂದು, 2016ರ ದಿನಾಂಕ ಹಾಕಿ 'ಪ್ರೊಡಕ್ಷನ್ ಇಂಜಿನಿಯರ್' ಎಂಬ ನೇಮಕಾತಿ ಪತ್ರವನ್ನು ಮಾಲೀಕರಿಂದ ಮಾಡಿಸಿ ಕಳುಹಿಸುವುದು. ಎರಡನೆಯದು ತಪ್ಪೆಂದು ನನ್ನ ಮನಸ್ಸು ಹೇಳುತ್ತಿದೆ. ಆದರೂ ರಾತ್ರಿ ನಿದ್ದೆ ಬರುತ್ತಿಲ್ಲ. ಇಂಥ ಪತ್ರಕ್ಕೆ ಉತ್ತರ ಬರೆದವರು, ಈ ಕೆಲಸ ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಕಡತ ಓದುವವಳು

ನಮಸ್ಕಾರ. ನಾನು ಒಂಟಾರಿಯೋದಲ್ಲಿ ವಲಸೆ ವಕೀಲರೊಬ್ಬರ ಕಚೇರಿಯಲ್ಲಿ ಎಂಟು ವರ್ಷಗಳಿಂದ ಇಂಥ ಕಡತಗಳನ್ನೇ ನೋಡುತ್ತಿದ್ದೇನೆ. ನಿಮ್ಮ ಪೂರ್ತಿ ಅರ್ಜಿಯನ್ನು ನೋಡದೆ ಬರೆಯುತ್ತಿರುವುದರಿಂದ ಇದನ್ನು ಸಾಮಾನ್ಯ ತಿಳಿವಳಿಕೆಯೆಂದೇ ತೆಗೆದುಕೊಳ್ಳಿ.

ಮೊದಲು ಏಜೆಂಟರ ಎರಡನೆಯ ಸಲಹೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಅತಿ ದೊಡ್ಡ ಅಪಾಯ ಇರುವುದು ಅಲ್ಲಿಯೇ. ಈವರೆಗೆ ನಿಮ್ಮ ಕಡತದಲ್ಲಿರುವುದು ಒಂದು ಅನುಮಾನ ಮಾತ್ರ. ಹಿಂದಿನ ದಿನಾಂಕ ಹಾಕಿದ ನೇಮಕಾತಿ ಪತ್ರವನ್ನು ಸೇರಿಸಿದ ಕ್ಷಣದಿಂದ ಅದು ಸುಳ್ಳು ದಾಖಲೆಯಿರುವ ಕಡತವಾಗುತ್ತದೆ. ಇಂಥವು ಹೇಗೆ ಸಿಕ್ಕಿಬೀಳುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮಾಲೀಕರ ಈಗಿನ ಲೆಟರ್‌ಹೆಡ್‌ನ ಕೆಳಗಡೆ ಜಿಎಸ್‌ಟಿ ಸಂಖ್ಯೆ ಅಚ್ಚಾಗಿರುತ್ತದೆ. ಭಾರತದಲ್ಲಿ ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. 2016ರ ಜುಲೈ ದಿನಾಂಕದ ಪತ್ರದಲ್ಲಿ ಜಿಎಸ್‌ಟಿ ಸಂಖ್ಯೆ ಕಂಡರೆ ಅಧಿಕಾರಿಗೆ ಮತ್ತೆ ಫೋನ್ ಮಾಡುವ ಅಗತ್ಯವೇ ಬೀಳುವುದಿಲ್ಲ. ದಯವಿಟ್ಟು ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ.

ಅರ್ಜಿ ಹಿಂಪಡೆಯುವುದರ ಬಗ್ಗೆ: ಇಂಥ ಪತ್ರ ಹೊರಟ ಮೇಲೆ ಅರ್ಜಿಯನ್ನು ಹಿಂಪಡೆದರೆ ಎಲ್ಲವೂ ಅಳಿಸಿಹೋಗುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಬಹಳವಿದೆ. ಹಾಗೆ ಆಗಬೇಕೆಂದೇನೂ ಇಲ್ಲ. ಹಿಂಪಡೆಯುವ ಕೋರಿಕೆಯನ್ನು ಒಪ್ಪದೆ ತಪ್ಪು ಮಾಹಿತಿಯ ಪ್ರಶ್ನೆಯನ್ನು ಇಲಾಖೆ ತೀರ್ಮಾನದವರೆಗೆ ಒಯ್ಯಬಹುದು. ಆಗ ನಿಮ್ಮ ಉತ್ತರವೇ ಇಲ್ಲದ ಕಡತದ ಮೇಲೆ ತೀರ್ಮಾನವಾಗುತ್ತದೆ. ನಿಜವಾಗಿ ಕೆಲಸ ಮಾಡಿದ ಮನುಷ್ಯ ತನ್ನ ಮಾತು ಹೇಳುವ ಏಕೈಕ ಅವಕಾಶವನ್ನು ತಾನೇ ಕೈಬಿಡುವುದು ನನಗೆ ಸರಿ ಕಾಣುವುದಿಲ್ಲ.

ಈ ಪತ್ರ ನಿರಾಕರಣೆಯಲ್ಲ. ಯಾರದೇ ವಿರುದ್ಧ ತೀರ್ಮಾನ ಕೈಗೊಳ್ಳುವ ಮುನ್ನ ಆ ವ್ಯಕ್ತಿಯ ಮಾತನ್ನು ಕೇಳಬೇಕೆಂಬ ಕರ್ತವ್ಯ ಅಧಿಕಾರಿಗಳ ಮೇಲಿದೆ. ವಲಸೆ ವಿಷಯದಲ್ಲಿ ಆ ಕರ್ತವ್ಯದ ಅಳತೆಗೋಲುಗಳನ್ನು ಕೆನಡಾದ ಸುಪ್ರೀಂ ಕೋರ್ಟ್ 1999ರ ಬೇಕರ್ ಪ್ರಕರಣದಲ್ಲಿ ವಿವರಿಸಿತು. ದಾಖಲೆ ಸಾಲದು ಎಂದಷ್ಟೇ ಅಧಿಕಾರಿಗೆ ಅನ್ನಿಸಿದ್ದರೆ ಸಾಮಾನ್ಯವಾಗಿ ಅವರು ನಿಮಗೆ ತಿಳಿಸದೆಯೇ ನಿರಾಕರಿಸಬಹುದಿತ್ತು. ದಾಖಲೆಯ ನೈಜತೆಯನ್ನೇ ಶಂಕಿಸಿದಾಗ ಮಾತ್ರ ಆ ಶಂಕೆಯನ್ನು ಮುಂದಿಟ್ಟು ಉತ್ತರ ಕೇಳಬೇಕಾಗುತ್ತದೆ. ಆದ್ದರಿಂದ ಅವರು ಬರೆದಿರುವ ಒಂದೊಂದು ವಾಕ್ಯವೂ ನಿಮ್ಮ ಉತ್ತರದ ಒಂದೊಂದು ಭಾಗವಾಗಬೇಕು. ಪತ್ರವನ್ನು ಮುದ್ರಿಸಿಕೊಂಡು ಶಂಕೆಯಿರುವ ವಾಕ್ಯಗಳ ಪಕ್ಕದಲ್ಲಿ ಅಂಕಿ ಹಾಕಿಕೊಳ್ಳಿ. ನಿಮ್ಮ ಪ್ರಕರಣದಲ್ಲಿ ನನಗೆ ಕಾಣುವುದು ಮೂರು: ನೀವು ಅಲ್ಲಿ ಇದ್ದಿರೇ, ಆ ಹುದ್ದೆಯಲ್ಲಿದ್ದಿರೇ, ಆ ಕೆಲಸಗಳನ್ನೇ ಮಾಡಿದಿರೇ.

ಮೊದಲನೆಯದಕ್ಕೆ ನೀವಾಗಲಿ ಮಾಲೀಕರಾಗಲಿ ಸೃಷ್ಟಿಸಲಾಗದ ದಾಖಲೆಗಳು ಬೇಕು. ಮಾಲೀಕರ ಹೊಸ ಪತ್ರವೊಂದೇ ಸಾಲದು, ಏಕೆಂದರೆ ಅನುಮಾನ ಬಂದಿರುವುದೇ ಅವರ ಹಳೆಯ ಪತ್ರದ ಮೇಲೆ. ಪಿಎಫ್ ಪಾಸ್‌ಬುಕ್ ಮತ್ತು ಅದರಲ್ಲಿನ ಸೇವಾ ವಿವರ, ಇಎಸ್‌ಐ ದಾಖಲೆ, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆಯ 26ಎಎಸ್ (ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ): ಇವು ಮೂರನೆಯವರ ಬಳಿ ಆ ಕಾಲದಲ್ಲಿಯೇ ದಾಖಲಾದ ಮಾತುಗಳು. ಅಂದಿನ ನಿಮ್ಮ ಸಂಬಳ ತೆರಿಗೆಯ ಮಿತಿಗಿಂತ ಕಡಿಮೆಯಿದ್ದರೆ 26ಎಎಸ್ ಖಾಲಿ ಇರಬಹುದು. ಅದನ್ನು ಕಂಡು ಗಾಬರಿಯಾಗಬೇಡಿ, ಆ ವರ್ಷಗಳಲ್ಲಿ 2.5 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇರಲಿಲ್ಲವೆಂಬ ಒಂದು ವಾಕ್ಯದ ವಿವರಣೆ ಬರೆಯಿರಿ. ಒಟ್ಟಾವಾದಲ್ಲೋ ದೆಹಲಿಯಲ್ಲೋ ಕುಳಿತ ಅಧಿಕಾರಿಗೆ ನಮ್ಮ ವ್ಯವಸ್ಥೆ ಗೊತ್ತಿದೆಯೆಂದು ಭಾವಿಸಿಕೊಳ್ಳಬಾರದು.

ಎರಡನೆಯದಕ್ಕೆ ಸತ್ಯವೊಂದೇ ಉತ್ತರ. ಚೀಟಿಯಲ್ಲಿ 'ಸೂಪರ್‌ವೈಸರ್' ಎಂದು ಏಕಿತ್ತು, ಅನುಭವ ಪತ್ರದಲ್ಲಿ ಬೇರೆ ಹೆಸರು ಏಕೆ ಬಂತು ಎಂಬುದನ್ನು ನೀವೇ ಮೊದಲು ಹೇಳಿ. ಒಕ್ಕಣೆಯನ್ನು ಏಜೆಂಟರು ಕೊಟ್ಟರು, ಅದು ಎನ್‌ಒಸಿಯ ಮಾತೆಂದು ತಿಳಿದೋ ತಿಳಿಯದೆಯೋ ನಾನು ಅದನ್ನೇ ಟೈಪ್ ಮಾಡಿಸಿದೆ ಎಂಬುದನ್ನೂ ಇದ್ದದ್ದು ಇದ್ದಂತೆ ಬರೆಯಿರಿ. ಕೆಲವರು ಪೂರ್ತಿ ತಪ್ಪನ್ನು ಏಜೆಂಟರ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ನೋಡುತ್ತಾರೆ. ಅದು ನಡೆಯುವುದಿಲ್ಲ. ಕಾಯ್ದೆಯ ಮಾತೇ 'ನೇರವಾಗಿ ಅಥವಾ ಪರೋಕ್ಷವಾಗಿ' ಎಂದಿದೆ, ಸಹಿ ನಿಮ್ಮದು, ಜವಾಬ್ದಾರಿಯೂ ನಿಮ್ಮದೇ.

ಮೂರನೆಯದಕ್ಕೆ ನೀವು ನಿಜವಾಗಿ ಮಾಡಿದ ಕೆಲಸದ ಗುರುತುಗಳು ಬೇಕು. ನೀವು ಸಹಿ ಹಾಕಿದ ಪ್ರೊಸೆಸ್ ಶೀಟ್, ಡ್ರಾಯಿಂಗ್‌ನ ಮೂಲೆಯಲ್ಲಿ ಪರಿಶೀಲಿಸಿದವರ ಹೆಸರು, ಗ್ರಾಹಕ ಕಂಪನಿಗೆ ಗುಣಮಟ್ಟದ ದೂರಿನ ಬಗ್ಗೆ ಕಳುಹಿಸಿದ ಇಮೇಲ್, ಐಎಸ್‌ಒ ಆಡಿಟ್ ವರದಿ, ಇಂಥವು. ಎನ್‌ಒಸಿಯ ಎಲ್ಲಾ ಕೆಲಸಗಳನ್ನೂ ಮಾಡಿರಬೇಕೆಂಬ ನಿಯಮವಿಲ್ಲ. ಆರಂಭದ ಮುಖ್ಯ ವಾಕ್ಯದಲ್ಲಿ ಹೇಳಿದ್ದನ್ನೂ, ಅತ್ಯಗತ್ಯವಾದವೆಲ್ಲವೂ ಸೇರಿದಂತೆ ಮುಖ್ಯ ಕರ್ತವ್ಯಗಳಲ್ಲಿ ಗಣನೀಯ ಭಾಗವನ್ನೂ ಮಾಡಿದ್ದರೆ ಸಾಕು. ಮಾಡದೇ ಇದ್ದದ್ದನ್ನು ಮಾಡಲಿಲ್ಲ ಎಂದು ಹೇಳಲು ಅದೇ ನಿಮಗೆ ಧೈರ್ಯ ಕೊಡಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಯಂತ್ರಗೆಲಸದ ಸೂಪರ್‌ವೈಸರ್‌ಗಳಿಗೆ ಎನ್‌ಒಸಿ 72010 ಎಂಬ ಬೇರೆ ಸಂಕೇತವಿದೆ, ಅದು ಟಿಯರ್ (ಕೆಲಸಕ್ಕೆ ಬೇಕಾದ ತರಬೇತಿ, ಅನುಭವದ ಶ್ರೇಣಿ) 2. ಎಕ್ಸ್‌ಪ್ರೆಸ್ ಎಂಟ್ರಿಯ ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗಕ್ಕೆ ಟಿಯರ್ 0ಯಿಂದ 3ರವರೆಗಿನ ಅನುಭವವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸೂಪರ್‌ವೈಸರ್ ಎಂದೇ ಬರೆದಿದ್ದರೂ ನನಗೆ ಅರ್ಹತೆ ಇರುತ್ತಿತ್ತು, ಸುಳ್ಳು ಹೇಳಿ ಗಳಿಸುವುದೇನೂ ಇರಲಿಲ್ಲ ಎಂಬ ವಾದ ನಿಮಗೆ ಇರಬಹುದು. ಅದನ್ನು ಕೊನೆಯಲ್ಲಿ ಪೂರಕವಾಗಿ ಹೇಳಿ, ಮುಂದೆ ಇಡಬೇಡಿ. ತಪ್ಪು ಮಾಹಿತಿಯಿಂದ ಫಲಿತಾಂಶವೇ ಬದಲಾಗಬೇಕೆಂದು ಕಾಯ್ದೆ ಕೇಳುವುದಿಲ್ಲ, ಆಡಳಿತದಲ್ಲಿ ತಪ್ಪು ನಡೆಯುವ ಸಾಧ್ಯತೆ ಇದ್ದರೂ ಸಾಕು.

ಕೊನೆಯದಾಗಿ, ಉತ್ತರದಲ್ಲಿ ನಿಮ್ಮ ಕನಸು, ಮಗಳ ಭವಿಷ್ಯ, ಕೆನಡಾದ ಮೇಲಿನ ಪ್ರೀತಿ ಯಾವುದನ್ನೂ ತರಬೇಡಿ. ಅವು ಸುಳ್ಳೆಂದಲ್ಲ, ಅಧಿಕಾರಿ ಕೇಳಿದ ಪ್ರಶ್ನೆಗೆ ಅವು ಉತ್ತರವಲ್ಲ. ಮೂರು ಪುಟದ ಪತ್ರ, ಅದರಲ್ಲಿ ಪ್ರತಿ ಮಾತಿನ ಎದುರು 'ಅನುಬಂಧ 4, ಪುಟ 12' ಎಂಬಂತೆ ದಾಖಲೆಯ ಗುರುತು, ಹಿಂದೆ ಪುಟಸಂಖ್ಯೆ ಹಾಕಿದ ಅನುಬಂಧಗಳು, ಎಲ್ಲವೂ ಒಂದೇ ಪಿಡಿಎಫ್‌ನಲ್ಲಿ. ಖಾತೆಯಲ್ಲಿ ಒಂದು ಕಡತಕ್ಕೆ 4 ಎಂಬಿ ಮಿತಿಯಿರುವುದರಿಂದ ಸ್ಕ್ಯಾನ್ ಮಾಡುವಾಗಲೇ ಕಪ್ಪು-ಬಿಳುಪಿನಲ್ಲಿ, ಓದಲು ಸಾಕಾಗುವಷ್ಟು ಗುಣಮಟ್ಟದಲ್ಲಿ ಮಾಡಿಸಿ.

ಪೀಣ್ಯದ ಹಳೆಯ ನೌಕರ

ಮೇಡಂ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞ. ಏಜೆಂಟರಿಗೆ ಫೋನ್ ಮಾಡಿ ಹೊಸ ನೇಮಕಾತಿ ಪತ್ರ ಬೇಡವೆಂದು ಹೇಳಿಬಿಟ್ಟೆ.

ಎರಡು ದಿನ ದಾಖಲೆ ಹುಡುಕಿದ ಮೇಲೆ ಹೊಸ ತೊಡಕೊಂದು ಕಾಣುತ್ತಿದೆ. ಪಿಎಫ್ ಪಾಸ್‌ಬುಕ್‌ನಲ್ಲಿ ನನ್ನ ಹೆಸರಿನ ಮೊದಲ ಕಂತು ಕಾಣುವುದು 2017ರ ಏಪ್ರಿಲ್‌ನಲ್ಲಿ. ಮೊದಲು ನನ್ನನ್ನು ಪಿಎಫ್‌ಗೆ ಸೇರಿಸಿರಲಿಲ್ಲ. ಆ ವರ್ಷದ ಆರಂಭದಲ್ಲಿ ಪಿಎಫ್ ಇಲಾಖೆಯವರು ಬಿಟ್ಟುಹೋದ ನೌಕರರನ್ನು ಸೇರಿಸುವ ಅಭಿಯಾನ ನಡೆಸಿದ್ದರು, ಅದಾದ ಮೇಲೆ ನಮ್ಮನ್ನೆಲ್ಲ ಸೇರಿಸಿದರು ಎಂದು ಮಾಲೀಕರು ಹೇಳುತ್ತಾರೆ. ಸಂಬಳವೂ ಮೊದಲ ಐದು ತಿಂಗಳು ಕವರಿನಲ್ಲಿ ನಗದಾಗಿಯೇ ಬರುತ್ತಿತ್ತು. ನೋಟು ರದ್ದಾದ ಮೇಲೆ, 2016ರ ಡಿಸೆಂಬರ್‌ನಿಂದ ಬ್ಯಾಂಕಿಗೆ ಹಾಕತೊಡಗಿದರು. ನನ್ನ ಸಂಬಳ ಆಗ 18,000 ರೂಪಾಯಿ. ಖಾತೆಯಿದ್ದದ್ದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ, ಈಗ ಶಾಖೆಯವರು ಕೊಟ್ಟಿರುವ ಸ್ಟೇಟ್‌ಮೆಂಟ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಎಂದಿದೆ.

ಹಾಗಾದರೆ 2016ರ ಜುಲೈಯಿಂದ ನವೆಂಬರ್‌ವರೆಗೆ ನನ್ನ ಬಳಿ ಹೊರಗಿನ ಯಾವ ದಾಖಲೆಯೂ ಇಲ್ಲ. ಆ ಐದು ತಿಂಗಳ ಮಾತೆತ್ತದೆ ಉಳಿದದ್ದನ್ನು ಮಾತ್ರ ತೋರಿಸಿದರೆ ಆಗುವುದಿಲ್ಲವೇ? ಹೇಗೂ ಅಂಕಗಳಿಗೆ ಲೆಕ್ಕವಾಗುವ ಮೂರು ವರ್ಷಕ್ಕೆ ಈಗಿನ ಕಂಪನಿಯ ಅನುಭವವೇ ಸಾಕಾಗುತ್ತದೆ.

ಉತ್ತರ: ಮಲೆನಾಡಿಂದ ಕ್ಯಾಲ್ಗರಿಗೆ

ನಾನು ಶಿವಮೊಗ್ಗದವನು. ಹುಬ್ಬಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಮಾಡಿದ ಕೆಲಸದ ಬಗ್ಗೆ ಇಂಥದ್ದೇ ಪತ್ರ 2019ರಲ್ಲಿ ನನಗೂ ಬಂದಿತ್ತು. ನನ್ನ ಕಾಲಕ್ಕೆ ಆ ಫೌಂಡ್ರಿ ಮುಚ್ಚಿಯೇ ಹೋಗಿತ್ತು, ಫೋನ್ ಎತ್ತುವವರು ಕೂಡ ಇರಲಿಲ್ಲ. ಆದ್ದರಿಂದ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಆ ಐದು ತಿಂಗಳನ್ನು ದಾಟಿ ಹೋಗಬೇಡಿ. ನೀವು ಅರ್ಜಿಯಲ್ಲಿ ಬರೆದ ದಿನಾಂಕ 2016ರ ಜುಲೈ. ಬ್ಯಾಂಕ್ ದಾಖಲೆ ಡಿಸೆಂಬರ್‌ನಿಂದ ಶುರುವಾಗಿ, ಪಿಎಫ್ ಏಪ್ರಿಲ್‌ನಿಂದ ಶುರುವಾಗಿ, ಅದರ ಬಗ್ಗೆ ನೀವು ಚಕಾರ ಎತ್ತದಿದ್ದರೆ ಅಧಿಕಾರಿ ಆ ಅಂತರವನ್ನು ತಾವೇ ಎಣಿಸುತ್ತಾರೆ. ಅವರು ಕಂಡುಹಿಡಿದರೆ ಅದು ಹೊಸ ಶಂಕೆ, ನೀವೇ ಹೇಳಿದರೆ ಅದು ವಿವರಣೆ. ನನ್ನ ಪಾಸ್‌ಬುಕ್‌ನಲ್ಲಿ ಹೆಸರಿನ ಇನಿಷಿಯಲ್ ಬೇರೆಯಾಗಿತ್ತು, ತಂದೆಯ ಹೆಸರಿನ ಬದಲು ಊರಿನ ಹೆಸರು ಸೇರಿಕೊಂಡಿತ್ತು. ಅದನ್ನೂ ನಾನು ಪತ್ರದ ಮೊದಲ ಪುಟದಲ್ಲಿಯೇ ಹೇಳಿದ್ದೆ.

ಇನ್ನು ದಾಖಲೆಯೇ ಇಲ್ಲ ಎಂದುಕೊಳ್ಳುವ ಮೊದಲು ಕಾರ್ಖಾನೆಗೆ ಖುದ್ದಾಗಿ ಹೋಗಿ ಹಾಜರಿ ಪುಸ್ತಕ ಕೇಳಿ. ಫೋನಿನಲ್ಲಿ ಕೇಳಿದರೆ ಯಾರೂ ಹುಡುಕುವುದಿಲ್ಲ, ಹೋಗಿ ಎದುರು ಕುಳಿತುಕೊಳ್ಳಬೇಕು. ನಮ್ಮ ಫೌಂಡ್ರಿ ಮಾಲೀಕರ ಮನೆಯ ಅಟ್ಟದಲ್ಲಿ ಹಳೆಯ ರಿಜಿಸ್ಟರ್‌ಗಳನ್ನು ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದ್ದರು. ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ಪುಸ್ತಕ, ಒಂದು ತಿಂಗಳಿಗೆ ಒಂದು ಹಾಳೆ, ಎಡಗಡೆ ಹೆಸರು, ಬಲಗಡೆ 31 ಚಿಕ್ಕ ಮನೆಗಳು, ಬಂದ ದಿನಕ್ಕೆ 'ಹಾ', ರಜೆಗೆ 'ರ', ಭಾನುವಾರಕ್ಕೆ ಕೆಂಪು ಗೀಟು. ಅದರ ಜೊತೆಗಿದ್ದ ಸಂಬಳದ ರಿಜಿಸ್ಟರ್‌ನಲ್ಲಿ ನನ್ನ ಹೆಸರಿನ ಎದುರು ರೆವಿನ್ಯೂ ಸ್ಟಾಂಪ್, ಅದರ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ನನ್ನ ಅಂದಿನ ಸಹಿ. ನಗದಿನಲ್ಲಿ ಸಂಬಳ ಪಡೆದವರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ. ನನ್ನ ಮೇಲಿನ ಮತ್ತು ಕೆಳಗಿನ ಹೆಸರುಗಳನ್ನೂ ಸೇರಿಸಿ ಇಡೀ ಪುಟವನ್ನು ಸ್ಕ್ಯಾನ್ ಮಾಡಿಸಿದೆ, ನನ್ನ ಸಾಲನ್ನು ಮಾತ್ರ ಕತ್ತರಿಸಿ ತೆಗೆಯಲಿಲ್ಲ. ಮಾಡುವಾಗ ಪುಟದ ಅಂಚು, ಹೊಲಿಗೆ, ಪುಟಸಂಖ್ಯೆ ಎಲ್ಲವೂ ಕಾಣುವಂತೆ ನೋಡಿಕೊಳ್ಳಿ.

ಪುಸ್ತಕ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಕೊಡಲೇಬೇಕು. ಇಲ್ಲಿ ಎಚ್ಚರವಿರಲಿ: ಅನುವಾದವನ್ನು ನೀವಾಗಲಿ, ಹೆಂಡತಿಯಾಗಲಿ, ಅಣ್ಣ ತಮ್ಮಂದಿರಾಗಲಿ, ಚಿಕ್ಕಪ್ಪನ ಮಗನಾಗಲಿ ಮಾಡುವಂತಿಲ್ಲ. ಬೇರೆಯವರು ಮಾಡಿ, ಅನುವಾದ ಸರಿಯಿದೆಯೆಂದು ಅಫಿಡವಿಟ್ ಕೊಟ್ಟು, ಮೂಲದ ಪ್ರತಿಯನ್ನೂ ಜೊತೆಗಿಡಬೇಕು. ನನ್ನ ಭಾವನೇ ಇಂಗ್ಲಿಷ್ ಉಪನ್ಯಾಸಕ, ಆದರೂ ಅವನ ಕೈಯಲ್ಲಿ ಮಾಡಿಸದೆ ಧಾರವಾಡದ ಒಬ್ಬ ಅನುವಾದಕರಲ್ಲಿ ಹಣ ಕೊಟ್ಟು ಮಾಡಿಸಿದೆ.

ನಿಮ್ಮ ಜೊತೆ ಆಗ ಕೆಲಸ ಮಾಡಿದ ಇಬ್ಬರು ಮೂವರಿಂದ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಮೂವರದೂ ಒಂದೇ ಒಕ್ಕಣೆ ಇರಬಾರದು, ನಿಮ್ಮ ಪತ್ರಕ್ಕೆ ಬಂದ ಆಕ್ಷೇಪವೇ ಅದು. ಅವರವರ ಮಾತಿನಲ್ಲಿ, ತಾವು ಯಾವ ಯಂತ್ರದ ಮೇಲಿದ್ದರು, ನಿಮ್ಮ ಹತ್ತಿರ ಏನು ಕೆಲಸಕ್ಕೆ ಬರುತ್ತಿದ್ದರು ಎಂದು ಹೇಳಲಿ. ಅವರ ಪಿಎಫ್ ಸೇವಾ ವಿವರದಲ್ಲಿಯೂ ಅದೇ ಕಾರ್ಖಾನೆಯ ಸಂಕೇತ ಸಂಖ್ಯೆ ಇದ್ದರೆ ಅದರ ಪ್ರತಿಯನ್ನು ಅವರ ಒಪ್ಪಿಗೆಯಿಂದ ಜೊತೆಗೆ ಇಡಿ. ಇಬ್ಬರೂ ಒಂದೇ ಸೂರಿನಡಿ ಇದ್ದೆವೆಂಬುದು ಆಗ ಇಲಾಖೆಯ ಕಾಗದದಿಂದಲೇ ತಿಳಿಯುತ್ತದೆ.

18,000 ಸಂಬಳವೆಂದರೆ ಇಎಸ್‌ಐ ವ್ಯಾಪ್ತಿಗೂ ಬರುತ್ತೀರಿ, 2017ರ ಜನವರಿಯಿಂದ ಅದರ ಮಿತಿ 21,000 ಆಗಿತ್ತು. ನಿಮ್ಮ ಇಎಸ್‌ಐ ಸಂಖ್ಯೆ ಯಾವ ತಿಂಗಳು ಹುಟ್ಟಿತು ನೋಡಿ, ಪಿಎಫ್‌ಗಿಂತ ಮೊದಲೇ ಇದ್ದರೂ ಇರಬಹುದು. ಬ್ಯಾಂಕಿನ ಹೆಸರಿನ ವಿಷಯಕ್ಕೆ ಒಂದೇ ವಾಕ್ಯ ಸಾಕು: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಹಳೆಯ ಪಾಸ್‌ಬುಕ್ ಮನೆಯಲ್ಲಿದ್ದರೆ ಅದರ ಮೊದಲ ಪುಟವನ್ನೂ ಸೇರಿಸಿ.

ನನ್ನ ಉತ್ತರ 64 ಪುಟಗಳಾಯಿತು. ನಾಲ್ಕು ತಿಂಗಳು ಏನೂ ಸುದ್ದಿ ಬರಲಿಲ್ಲ, ಆಮೇಲೆ ಪಾಸ್‌ಪೋರ್ಟ್ ಕಳುಹಿಸಲು ಹೇಳಿದರು.

ಉತ್ತರ: ವಿಜಯನಗರದ ಓದುಗ

ಒಂದು ಮಾತು ಸೇರಿಸುತ್ತೇನೆ. ಹಣ ಪಡೆದು ಕೆನಡಾದ ವಲಸೆ ಅರ್ಜಿಯಲ್ಲಿ ಸಲಹೆ ಕೊಡುವವರು ಅಲ್ಲಿನ ವಕೀಲರ ಸಂಘದ ಸದಸ್ಯರೋ, ಕ್ವಿಬೆಕ್‌ನ ನೋಟರಿಯೋ, 2021ರಿಂದ ನಡೆಯುತ್ತಿರುವ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಪಡೆದವರೋ ಆಗಿರಬೇಕು, ಇದು ಕಾಯ್ದೆಯ 91ನೇ ವಿಧಿ. ಕಾಲೇಜಿನ ಜಾಲತಾಣದಲ್ಲಿ ಹೆಸರು ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮ್ಮ ಏಜೆಂಟರ ಹೆಸರು ಅಲ್ಲಿದೆಯೇ? ಅರ್ಜಿಯಲ್ಲಿ ಐಎಂಎಂ 5476 ನಮೂನೆಯಡಿ ಅವರನ್ನು ಪ್ರತಿನಿಧಿಯೆಂದು ತೋರಿಸಲಾಗಿದೆಯೇ? ತೋರಿಸಿಲ್ಲದಿದ್ದರೆ, ಉತ್ತರ ಕಳುಹಿಸುವ ಮುನ್ನ ಒಬ್ಬ ಅಧಿಕೃತ ವಕೀಲರಿಗೆ ಒಂದು ಗಂಟೆಯ ಸಲಹಾ ಶುಲ್ಕವನ್ನಾದರೂ ಕೊಟ್ಟು ತೋರಿಸಿಕೊಳ್ಳುವುದು ಒಳ್ಳೆಯದು. ಖಾತೆಯ ಪಾಸ್‌ವರ್ಡ್ ಏಜೆಂಟರ ಬಳಿಯೂ ಇದ್ದರೆ ಇಂದೇ ಬದಲಿಸಿ, ನಿಮಗೆ ಗೊತ್ತಿಲ್ಲದೆ ಅವರು ಏನನ್ನಾದರೂ ಏರಿಸಿಬಿಟ್ಟರೆ ಅದಕ್ಕೂ ನೀವೇ ಉತ್ತರ ಹೇಳಬೇಕಾಗುತ್ತದೆ.

ಪೀಣ್ಯದ ಹಳೆಯ ನೌಕರ

ಏಜೆಂಟರ ಹೆಸರು ಆ ಪಟ್ಟಿಯಲ್ಲಿಲ್ಲ. 5476 ನಮೂನೆಯನ್ನೂ ಹಾಕಿರಲಿಲ್ಲ. ಪಾಸ್‌ವರ್ಡ್ ಬದಲಿಸಿದ್ದೇನೆ, ಟೊರಾಂಟೊದ ಒಬ್ಬ ವಕೀಲರ ಜೊತೆ ಶುಕ್ರವಾರ ಮಾತುಕತೆ ಗೊತ್ತಾಗಿದೆ.

ನಿನ್ನೆ ಪೀಣ್ಯಕ್ಕೆ ಹೋಗಿದ್ದೆ. ಹಾಜರಿ ಪುಸ್ತಕ ಸಿಕ್ಕಿತು. ಜುಲೈ 2016ರ ಹಾಳೆಯಲ್ಲಿ ಕೊನೆಯ ಹೆಸರು ನನ್ನದು, ಹೊಸದಾಗಿ ಸೇರಿದವನೆಂದು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿದ್ದಾರೆ, ಹನ್ನೊಂದನೇ ತಾರೀಖಿನಿಂದ ಹಾಜರಿ ಶುರುವಾಗುತ್ತದೆ. ಅದನ್ನು ನೋಡಿ ಕಣ್ಣು ತುಂಬಿ ಬಂತು. ಆದರೆ ಅರ್ಜಿಯಲ್ಲಿ ನಾನು ಬರೆದದ್ದು ಜುಲೈ 1. ಹುದ್ದೆಯ ಅಂಕಣದಲ್ಲಿ 2018ರ ಮಾರ್ಚ್‌ವರೆಗೆ 'ಸೂಪರ್‌ವೈಸರ್', ಅಲ್ಲಿಂದ ಮುಂದೆ 'ಪ್ರೊಡಕ್ಷನ್' ಎಂದಷ್ಟೇ ಇದೆ. ಮಾಲೀಕರು ಪತ್ರ ಕೊಡಲು, ಫೋನ್ ಬಂದರೆ ಮಾತನಾಡಲು ಸಿದ್ಧರಿದ್ದಾರೆ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಏನು ಹೇಳಬೇಕೆಂದು ಬರೆದುಕೊಡು, ಓದಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಬರೆದುಕೊಡಲೇ?

ಕಡತ ಓದುವವಳು

ಹತ್ತು ದಿನದ ವ್ಯತ್ಯಾಸವನ್ನು ಪುಸ್ತಕದಲ್ಲಿರುವಂತೆ ತಿದ್ದಿ ಹೇಳಿ: ನೆನಪಿನಿಂದ ಜುಲೈ 1 ಎಂದು ಬರೆದಿದ್ದೆ, ಈಗ ಮೂಲ ದಾಖಲೆ ನೋಡಿದಾಗ 11 ಎಂದು ತಿಳಿಯಿತು ಎಂದು. ಹುದ್ದೆಯ ಬದಲಾವಣೆ ನಿಮಗೆ ತೊಡಕಲ್ಲ, ನೆರವು. ಎರಡು ಕಾಲಾವಧಿಗಳನ್ನು ಬೇರೆ ಬೇರೆ ಮಾಡಿ, ಮೊದಲನೆಯದರಲ್ಲಿ ಏನು ಮಾಡುತ್ತಿದ್ದಿರಿ, 2018ರ ಮಾರ್ಚ್ ನಂತರ ಏನು ಹೆಚ್ಚಾಯಿತು ಎಂಬುದನ್ನು ಮಾಲೀಕರು ತಮ್ಮ ಪತ್ರದಲ್ಲಿ ಸ್ವಂತ ಮಾತಿನಲ್ಲಿ ಹೇಳಲಿ. ಕನ್ನಡದಲ್ಲಿಯೇ ಬರೆದು ಅನುವಾದ ಮಾಡಿಸಿದರೂ ನಡೆಯುತ್ತದೆ, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ನಂಬಿಕೆಗೆ ಅರ್ಹ. ಹಿಂದಿನ ಪತ್ರದ ಒಕ್ಕಣೆ ತಮ್ಮದಲ್ಲ, ಓದಿ ಸಹಿ ಮಾಡಿದ್ದು ತಾವೇ ಎಂಬ ಮಾತೂ ಅದರಲ್ಲಿರಲಿ. ಅಂದು ಫೋನ್ ಎತ್ತಿದ ಗುಮಾಸ್ತರು ಯಾವ ದಿನಾಂಕದಂದು ಕೆಲಸಕ್ಕೆ ಸೇರಿದರು ಎಂಬುದಕ್ಕೆ ಅವರ ಪಿಎಫ್ ವಿವರವನ್ನೋ ಇದೇ ಹಾಜರಿ ಪುಸ್ತಕದ ಪುಟವನ್ನೋ ಜೋಡಿಸಿ. ನನಗೆ ಗೊತ್ತಿಲ್ಲ ಎಂಬುದಕ್ಕೂ ಅಂಥವರು ಇರಲಿಲ್ಲ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಅವರೇ ಒಂದು ಸಣ್ಣ ಹೇಳಿಕೆಯಲ್ಲಿ ಒಪ್ಪಿದರೆ ಇನ್ನೂ ಉತ್ತಮ.

ವಕೀಲರನ್ನು ಕಾಣುವುದು ಒಳ್ಳೆಯದಾಯಿತು. ಯಾವುದಾದರೂ ಅನುಬಂಧ ಗಡುವಿನೊಳಗೆ ಬಾರದಂತಿದ್ದರೆ, ಗಡುವು ಮುಗಿಯುವ ಮುನ್ನವೇ ಲಿಖಿತವಾಗಿ ಹೆಚ್ಚಿನ ಸಮಯ ಕೇಳಿ. ಆದರೆ ಕೊಡುತ್ತಾರೆಂದು ನೆಚ್ಚಿ ಕೂರದೆ, ಇರುವಷ್ಟನ್ನು ಸಮಯಕ್ಕೆ ಸರಿಯಾಗಿ ಸಲ್ಲಿಸಿ. ಫೋನ್ ಕರೆಯ ಬಗ್ಗೆ ಅಧಿಕಾರಿ ಬರೆದುಕೊಂಡ ಟಿಪ್ಪಣಿಗಳನ್ನು ಖಾಸಗಿತನದ ಕಾಯ್ದೆಯಡಿ ನೀವೇ ಕೇಳಿ ಪಡೆಯಬಹುದು, 2022ರ ಜುಲೈಯಿಂದ ಕೆನಡಾದ ಹೊರಗಿರುವವರಿಗೂ ಆ ಹಕ್ಕಿದೆ. ಈ ಗಡುವಿನೊಳಗೆ ಅವು ಕೈಗೆ ಸಿಗುತ್ತವೆಂದು ನಂಬಲಾಗದು, ಆದರೂ ಇಂದೇ ಕೇಳಿಡಿ. ಒಂದು ವೇಳೆ ನಿರಾಕರಣೆಯೇ ಬಂದರೆ, ಕೆನಡಾದ ಹೊರಗೆ ಆದ ತೀರ್ಮಾನವನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಲು ಅದು ತಿಳಿದ ದಿನದಿಂದ 60 ದಿನಗಳಿವೆ, ಕೆನಡಾದೊಳಗೆ ಆದ ತೀರ್ಮಾನಕ್ಕೆ 15 ದಿನ ಮಾತ್ರ. ಆ ಹಂತದಲ್ಲಿ ಕೋರ್ಟು ಸಾಮಾನ್ಯವಾಗಿ ನೋಡುವುದು ಅಧಿಕಾರಿಯ ಮುಂದೆ ಇದ್ದ ಕಾಗದಗಳನ್ನು ಮಾತ್ರ. ಆದ್ದರಿಂದ ಈಗ ಬಿಟ್ಟುಹೋದ ಹಾಳೆಯನ್ನು ಆಮೇಲೆ ಸೇರಿಸುತ್ತೇನೆ ಎನ್ನುವಂತಿಲ್ಲ.

ಮಾಲೀಕರಿಗೆ ಏನನ್ನೂ ಬರೆದುಕೊಡಬೇಡಿ. ಪತ್ರದಲ್ಲಿ ಅವರ ಮೊಬೈಲ್ ಸಂಖ್ಯೆಯನ್ನೂ, ಕನ್ನಡ ಮತ್ತು ಹಿಂದಿಯಲ್ಲಿ ಮಾತನಾಡುತ್ತಾರೆಂಬುದನ್ನೂ, ಬೆಳಿಗ್ಗೆ ಎಷ್ಟು ಗಂಟೆಗೆ ಸಿಗುತ್ತಾರೆಂಬುದನ್ನೂ ನಮೂದಿಸಿ. ಕರೆ ಬಂದಾಗ ಅವರಿಗೆ ನೆನಪಿರುವುದನ್ನು ಹೇಳಲಿ, ನೆನಪಿಲ್ಲದ್ದನ್ನು ನೆನಪಿಲ್ಲ ಎನ್ನಲಿ. ಆ ಹಾಜರಿ ಪುಸ್ತಕವನ್ನು ಮಾತ್ರ ಮತ್ತೆ ಅಟ್ಟಕ್ಕೆ ಹಾಕದೆ, ಫೋನಿನ ಪಕ್ಕದಲ್ಲಿಯೇ ಇಟ್ಟುಕೊಳ್ಳಲು ಹೇಳಿ.